ಗುದ್ದಿಸಿಕೊಂಡ ಕಾರಿಗೆ ಊರಿನ ಟಿಂಕರ್ ಬೇಡವೇ?

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಇಳಿಯಿತು. ಅವತ್ತಿನಿಂದ ಪತ್ರಿಕೆ ಬಿಡಿಸಿದರೆ ಕಾರು ಮಾರಾಟದ್ದೇ ಸುದ್ದಿ. ಯಾವ ಕಂಪನಿ ಮುಂದಿದೆ, ಯಾವ ಕಾರಿಗೆ ಎಷ್ಟು ದಿನ ಕಾಯಬೇಕು, ಎಲ್ಲ ಬರುತ್ತದೆ. ಆ ಕಾರುಗಳು ಎಲ್ಲಾದರೂ ಗುದ್ದಿಸಿಕೊಂಡರೆ ಎಲ್ಲಿಗೆ ಹೋಗುತ್ತವೆ, ಯಾರು ಸರಿಮಾಡುತ್ತಾರೆ, ಹೇಗೆ ಸರಿಮಾಡುತ್ತಾರೆ ಎಂದು ಯಾರೂ ಬರೆಯುವುದಿಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಕತ್ತರಿಸಲೇಬೇಕಾದರೆ ಪೇಂಟಿನ ವಿಷಯ ಕತ್ತರಿಸಿ, ಇನ್ಶೂರೆನ್ಸ್ ವಿಷಯ ಮಾತ್ರ ಹಾಗೇ ಬಿಡಿ.

ನಾನು ಮಂಡ್ಯದವನು. ಹಳೇ ಬೆಂಗಳೂರು-ಮೈಸೂರು ರಸ್ತೆ ಬದಿಯಲ್ಲಿ ಟಿಂಕರಿಂಗ್ ಮತ್ತು ಪೇಂಟಿಂಗ್ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಾಡುತ್ತಿದ್ದ ಕಾಲದಲ್ಲಿ ಕೆಲಸ ಕಲಿತವನು. ಆಗ ನಮ್ಮ ಮೇಸ್ತ್ರಿ ಹತ್ತಿರ ಇದ್ದದ್ದು ಸುತ್ತಿಗೆ, ತಗಡಿನ ಹಿಂದೆ ಒತ್ತಿ ಹಿಡಿಯುವ ಡಾಲಿ, ಗ್ಯಾಸ್ ವೆಲ್ಡಿಂಗ್ ಸೆಟ್ಟು, ಪುಟ್ಟಿ ಡಬ್ಬ. ಅಷ್ಟರಲ್ಲೇ ಎಂಥಾ ಗಾಡಿಯನ್ನೂ ರಸ್ತೆಗೆ ಇಳಿಸುತ್ತಿದ್ದರು. ಆ ಕಾಲವೇ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಆ ಗಾಡಿಗಳು ಗುದ್ದಿದರೆ ತಗಡು ಗಟ್ಟಿಯಾಗಿ ಉಳಿಯುತ್ತಿತ್ತು, ಓಡಿಸುತ್ತಿದ್ದವನ ಎದೆಗೆ ಸ್ಟೀರಿಂಗ್ ಹೊಡೆಯುತ್ತಿತ್ತು. ಈಗಿನ ಕಾರು ತಾನು ನುಜ್ಜುಗುಜ್ಜಾಗಿ ಒಳಗಿನವರನ್ನು ಉಳಿಸುತ್ತದೆ. ಅದು ಒಳ್ಳೆಯದೇ. 2023ರಲ್ಲಿ, ಕಾರು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಶುರುವಾದ ಮೇಲೆ ಜನ ಸ್ಟಾರ್ ಎಷ್ಟು ಎಂದು ಕೇಳಿ ಕಾರು ಕೊಳ್ಳುತ್ತಿದ್ದಾರೆ, ಅದೂ ಒಳ್ಳೆಯದೇ.

ನನ್ನ ತಕರಾರು ಬೇರೆ. ಕಾರು ಬದಲಾಯಿತು, ಅದನ್ನು ಸರಿಮಾಡುವ ಬಗೆಯೂ ಬದಲಾಯಿತು. ಹೊಸ ಬಗೆ ಕಲಿಯಲು ಊರಿನ ಗ್ಯಾರೇಜಿಗೆ ಯಾರೂ ದಾರಿ ಬಿಡುತ್ತಿಲ್ಲ. ದಾರಿ ಬಿಡದೆ, ಇನ್ಶೂರೆನ್ಸ್ ಪಟ್ಟಿಯಿಂದಲೂ ಹೊರಗಿಟ್ಟು, ಕೊನೆಗೆ ‘ರಸ್ತೆ ಬದಿ ಗ್ಯಾರೇಜ್ ನಂಬಬೇಡಿ’ ಅನ್ನುತ್ತಾರೆ. ಇದು ಯಾವ ನ್ಯಾಯ?

ನಮ್ಮ ಕಡೆ ಏನಾಯಿತು ಎಂದು ಮೊದಲು ಹೇಳುತ್ತೇನೆ. 2023ರ ಮಾರ್ಚ್ 12ರಂದು ಪ್ರಧಾನಿ ನಮ್ಮ ಜಿಲ್ಲೆಗೆ ಬಂದು ಹೊಸ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟಿಸಿದರು. 118 ಕಿಲೋಮೀಟರ್. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುವ ರಸ್ತೆ. ಮದ್ದೂರು ವಡೆ ಹೋಟೆಲಿಗೆ ಗಿರಾಕಿ ಕಮ್ಮಿ ಆದರು, ಚನ್ನಪಟ್ಟಣದ ಗೊಂಬೆ ಅಂಗಡಿ ಖಾಲಿ ಹೊಡೆಯುತ್ತಿದೆ ಎಂದು ಪತ್ರಿಕೆಗಳಲ್ಲಿ ಬಂತು. ಗ್ಯಾರೇಜ್‌ಗಳ ಕಥೆ ಬರಲಿಲ್ಲ. ವಡೆಯಷ್ಟು ರುಚಿ ಇಲ್ಲವಲ್ಲ!

ಹಳೇ ರಸ್ತೆಯಲ್ಲಿ ಆಗುತ್ತಿದ್ದದ್ದು ಸಣ್ಣಪುಟ್ಟ ಗುದ್ದಾಟ. ಬಸ್ಸು ಬಾಗಿಲು ಸವರಿಕೊಂಡು ಹೋಯಿತು, ಆಟೋ ಹಿಂದಿನಿಂದ ತಾಗಿತು, ಫೆಂಡರ್ ಮಡಚಿತು. ಅಂಥವು ನಮ್ಮ ಕೈಗೆ ಬರುತ್ತಿದ್ದವು. ಹೊಸ ರಸ್ತೆಯಲ್ಲಿ ವೇಗ ಜಾಸ್ತಿ. ಅಲ್ಲಿ ಗುದ್ದಿದರೆ ಚಾಸಿಸ್, ಚಾವಣಿ ಹೊರುವ ಪಿಲ್ಲರ್, ಏರ್‌ಬ್ಯಾಗ್ ಎಲ್ಲ ಒಟ್ಟಿಗೆ ಹೋಗುತ್ತದೆ. ಶುರುವಿನಲ್ಲಿ ಸಾವುನೋವು ನೋಡಲಾಗದಷ್ಟು ಆಗಿ, ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಬಾರದು ಎಂದು ಆದೇಶ ಬಂತು, ಕ್ಯಾಮೆರಾ ಬಂದವು, ಪೊಲೀಸರು ಗಟ್ಟಿಯಾಗಿ ನಿಂತರು. ಒಳ್ಳೆಯದಾಯಿತು. ಈಗಲೂ ಅಲ್ಲಿ ಗುದ್ದಿದ ಕಾರು ಮಂಡ್ಯದೊಳಗೆ ಬರುವುದು ಅಪರೂಪ. ರಿಕವರಿ ಲಾರಿ ಮೇಲೆ ಏರಿಸಿಕೊಂಡು ಸೀದಾ ಮೈಸೂರು, ಇಲ್ಲವೇ ಬೆಂಗಳೂರು.

ಮಂಡ್ಯಕ್ಕೇ ಮೀಸಲಾದ ಗುದ್ದಾಟ ಇನ್ನೊಂದಿದೆ. ಕಬ್ಬು ಅರೆಯುವ ಕಾಲ ಬಂತೆಂದರೆ ರಾತ್ರಿ ಹೊತ್ತು ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೈಲರ್ ಕಟ್ಟಿಕೊಂಡು ಸಾಲಾಗಿ ಹೋಗುತ್ತವೆ. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಕಬ್ಬಿನ ಸೋಗೆ ಹೊರಗೆ ಚಾಚಿಕೊಂಡಿರುತ್ತದೆ. ಕಾರಿನವನಿಗೆ ಕಾಣುವಷ್ಟರಲ್ಲಿ ಮುಗಿದಿರುತ್ತದೆ. ಈ ಗುದ್ದಿನಲ್ಲಿ ಬಂಪರ್‌ಗೆ ಅಷ್ಟೇನೂ ಆಗಿರುವುದಿಲ್ಲ. ಟ್ರೈಲರ್ ತಳ ಎತ್ತರದಲ್ಲಿರುವುದರಿಂದ ಬಂಪರ್ ಕೆಳಗೆ ನುಗ್ಗಿಬಿಡುತ್ತದೆ, ಬಾನೆಟ್ ಮೇಲಿನ ಭಾಗ, ಮುಂದಿನ ಗ್ಲಾಸ್, ಅದರ ಅಕ್ಕಪಕ್ಕದ ಪಿಲ್ಲರ್ ಪೆಟ್ಟು ತಿನ್ನುತ್ತವೆ. ಕಾರು ಕಂಪನಿಯವರು ಮುಂದೆ ಇಟ್ಟಿರುವ ನುಜ್ಜಾಗುವ ಭಾಗ ಇಲ್ಲಿ ಕೆಲಸಕ್ಕೆ ಬರುವುದೇ ಇಲ್ಲ. ಜಿಲ್ಲಾಡಳಿತದವರು ಪ್ರತಿ ಟ್ರೈಲರ್‌ಗೂ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿದರೆ ನನಗೆ ಕೆಲಸ ಕಮ್ಮಿಯಾಗುತ್ತದೆ. ಆಗಲಿ ಬಿಡಿ, ಅಂಟಿಸಿ.

ಈಗ ಕಾರಿನ ಒಳಗೆ ಬರೋಣ. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ಕಂಬ ಇರುತ್ತದಲ್ಲ, ಅದನ್ನು ಸೆಂಟರ್ ಪಿಲ್ಲರ್ ಅನ್ನುತ್ತೇವೆ. ಹೊಸ ಕಾರುಗಳಲ್ಲಿ ಅದರ ಸ್ಪಾಟ್ ವೆಲ್ಡ್ (ತಗಡುಗಳನ್ನು ಚುಕ್ಕಿ ಚುಕ್ಕಿಯಾಗಿ ಸೇರಿಸಿದ ಬೆಸುಗೆ) ಬಿಚ್ಚಲು ಹೋದ ಹುಡುಗನ ಕೈ ನೋಡಬೇಕು ನೀವು. ಹೊರಗಿನ ತಗಡಿಗೆ ಡ್ರಿಲ್ ಸಲೀಸಾಗಿ ಇಳಿಯುತ್ತದೆ. ಒಳಗಿನ ಪದರಕ್ಕೆ ತಾಗಿದ ಕೂಡಲೇ ಕಿರ್ ಎಂದು ಶಬ್ದ, ಸ್ವಲ್ಪ ಹೊಗೆ, ಬಿಟ್ಟಿನ ತುದಿ ನೀಲಿ ತಿರುಗಿ ಮೊಂಡು. ಇನ್ನೊಂದು ಬಿಟ್ಟು ಹಾಕಿದರೂ ಅದೇ. ಅದು ಬೋರಾನ್ ಬೆರೆಸಿದ ಉಕ್ಕು. ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಚ್ಚಿನೊಳಗೇ ತಟ್ಟನೆ ತಣ್ಣಗೆ ಮಾಡಿರುತ್ತಾರೆ. ಹಳೇ ತಗಡಿಗಿಂತ ಎಷ್ಟೋ ಪಟ್ಟು ಗಟ್ಟಿ. ಪಕ್ಕದಿಂದ ಬಸ್ಸು ಬಂದು ಗುದ್ದಿದರೆ ಒಳಗಿನವರ ತಲೆ ಕಾಯುವುದು ಇದೇ ಕಂಬ.

ಇದಕ್ಕೆ ಗ್ಯಾಸ್ ಬೆಂಕಿ ತೋರಿಸಿದರೆ ಅದರ ಗಟ್ಟಿತನ ಹೋಯಿತು. ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಎಳೆದು, ಬಡಿದು, ಪುಟ್ಟಿ ಹಾಕಿ, ಪೇಂಟ್ ಹೊಡೆದರೆ ಹೊಸದರಂತೆ ಹೊಳೆಯುತ್ತದೆ. ಮುಂದಿನ ಸಲ ಗುದ್ದಿದಾಗ ಗೊತ್ತಾಗುತ್ತದೆ, ಆಗ ಗೊತ್ತಾಗಿ ಏನು ಪ್ರಯೋಜನ? ಹಾಗಾಗಿ ಈ ಕಂಬಕ್ಕೆ ಗ್ಯಾಸ್ ಹಿಡಿಯುವ ಗ್ಯಾರೇಜಿಗೆ ಗಾಡಿ ಕೊಡಬೇಡಿ ಎಂದು ನಾನೇ ಹೇಳುತ್ತೇನೆ. ನಮ್ಮ ಕಸುಬಿನವರಿಗೆ ಸಿಟ್ಟು ಬಂದರೆ ಬರಲಿ.

ಹಾಗಾದರೆ ಸರಿಯಾದ ದಾರಿ ಯಾವುದು? ಕಂಪನಿಯ ರಿಪೇರಿ ಮ್ಯಾನ್ಯುವಲ್‌ನಲ್ಲಿ ಚಿತ್ರ ಸಮೇತ ಇರುತ್ತದೆ. ಎಲ್ಲಿ ಕತ್ತರಿಸಬಹುದು, ಯಾವುದನ್ನು ಮುಟ್ಟಲೇಬಾರದು, ಎಷ್ಟೆಷ್ಟು ದೂರಕ್ಕೆ ಸ್ಪಾಟ್ ಹಾಕಬೇಕು, ಯಾವ ಭಾಗವನ್ನು ಸರಿಮಾಡದೆ ಇಡಿಯಾಗಿ ಬದಲಾಯಿಸಬೇಕು, ಎಲ್ಲ ಇರುತ್ತದೆ. ಆ ಮ್ಯಾನ್ಯುವಲ್ ಡೀಲರ್ ವರ್ಕ್‌ಶಾಪಿನ ಕಂಪ್ಯೂಟರ್‌ನಲ್ಲಿದೆ. ದುಡ್ಡು ಕೊಡುತ್ತೇನೆ ಎಂದರೂ ನನಗೆ ಕೊಡುವವರಿಲ್ಲ. ನಮ್ಮ ಹುಡುಗರು ಯೂಟ್ಯೂಬ್ ನೋಡಿ ಕಲಿಯುತ್ತಾರೆ. ಅಮೆರಿಕದವನೊಬ್ಬ ಅವರ ದೇಶದ ಪಿಕಪ್ ಗಾಡಿ ಬಿಚ್ಚುವುದನ್ನು ನೋಡಿ ನಮ್ಮ ಬಲೆನೊ ಬಿಚ್ಚಲು ಆಗುತ್ತದಾ?

ಬಂಪರ್ ಕಥೆ ಇನ್ನೂ ಮಜವಾಗಿದೆ. ಬಂಪರ್ ಅಂದರೆ ಹೊರಗಡೆಯ ಪ್ಲಾಸ್ಟಿಕ್ ಅಷ್ಟೇ ಎಂದು ಜನ ತಿಳಿದಿದ್ದಾರೆ. ಅದರ ಹಿಂದೆ ಥರ್ಮೋಕೋಲಿನಂಥ ತುಂಡು, ಅದರ ಹಿಂದೆ ಕಬ್ಬಿಣದ ಬೀಮ್, ಪಾರ್ಕಿಂಗ್ ಸೆನ್ಸರ್, ಕೆಲವದರಲ್ಲಿ ರೇಡಾರ್. 2021ರಲ್ಲಿ ಎಕ್ಸ್‌ಯುವಿ 700 ಬಂದಾಗ ತಾನೇ ಬ್ರೇಕ್ ಹಾಕುವ ಕಾರು ಎಂದು ಜನ ಬಾಯಿ ಬಿಟ್ಟುಕೊಂಡು ನೋಡಿದರು. 2024ರ ಕೊನೆಗೆ ಹೋಂಡಾ ಅಮೇಜ್‌ನಂಥ ಹತ್ತು ಲಕ್ಷದ ಆಸುಪಾಸಿನ ಕಾರಿಗೂ ಆ ವ್ಯವಸ್ಥೆ ಬಂತು. ರೇಡಾರ್ ಇರುವ ಕಡೆ ಬಂಪರ್ ಒಡೆದಿದೆ ಎಂದುಕೊಳ್ಳಿ. ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ, ದಪ್ಪಗೆ ಪುಟ್ಟಿ ಬಳಿದು, ಮೇಲೊಂದೆರಡು ಕೋಟ್ ಪೇಂಟ್ ಹೊಡೆದರೆ ರೇಡಾರ್ ಅದರ ಮೂಲಕವೇ ನೋಡಬೇಕು. ಎದುರಿನ ಲಾರಿ ಎಷ್ಟು ದೂರದಲ್ಲಿದೆ ಎಂದು ಅದಕ್ಕೆ ಸರಿಯಾಗಿ ಗೊತ್ತಾಗದೆ ಹೋಗಬಹುದು.

ಮುಂದಿನ ಗ್ಲಾಸಿನದ್ದೂ ಅದೇ ಪಾಡು. ಇಂಥ ಕಾರುಗಳಲ್ಲಿ ಒಳಗಿನ ಕನ್ನಡಿಯ ಹಿಂದೆ ಗ್ಲಾಸಿಗೆ ಅಂಟಿದ, ರಸ್ತೆ ನೋಡುವ ಕ್ಯಾಮೆರಾ ಇರುತ್ತದೆ. ಗ್ಲಾಸ್ ಬದಲಾಯಿಸಿ ಕ್ಯಾಮೆರಾವನ್ನು ಸುಮ್ನೆ ಸಿಕ್ಕಿಸಿದರೆ, ಕನ್ನಡಕ ಮೂಗಿನ ಮೇಲೆ ವಾರೆಯಾಗಿ ಕೂತ ಹಾಗೆ. ಕೂದಲೆಳೆಯಷ್ಟು ಓರೆಯಾದರೂ ನೂರು ಮೀಟರ್ ಆಚೆ ಪಕ್ಕದ ಲೇನ್ ತೋರಿಸುತ್ತದೆ. ಅದಕ್ಕೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾದ ನೋಟ ಸರಿಹೊಂದಿಸುವ ಕೆಲಸ, ಮಾಡಬೇಕು. ಸಮತಟ್ಟಾದ ನೆಲ ಬೇಕು, ಕಾರಿನ ಮುಂದೆ ಅಳತೆ ಹಿಡಿದು ಇಡುವ ಬೋರ್ಡು ಬೇಕು, ಟೈರಿಗೆ ಗಾಳಿ ಸರಿಯಾಗಿರಬೇಕು, ಕಂಪನಿಯ ಸ್ಕ್ಯಾನರ್ ಬೇಕು. ಕೆಲವು ಕಾರುಗಳನ್ನು ಗೆರೆ ಚೆನ್ನಾಗಿ ಕಾಣುವ ರಸ್ತೆಯಲ್ಲಿ ಓಡಿಸಿಕೊಂಡೇ ಮಾಡಬೇಕು. ಈ ವ್ಯವಸ್ಥೆಗೆ ನಾನೊಬ್ಬನೇ ದುಡ್ಡು ಹಾಕಿದರೆ ಗ್ಯಾರೇಜ್ ಮಾರಬೇಕಾಗುತ್ತದೆ. ಹಾಗಂತ ಗ್ಲಾಸ್ ಬದಲಾಯಿಸುವುದನ್ನು ಬಿಡಲು ಆಗುತ್ತದಾ? ಹೆದ್ದಾರಿಯಲ್ಲಿ ಕಲ್ಲು ಸಿಡಿದು ದಿನಾ ಒಬ್ಬರಲ್ಲ ಒಬ್ಬರು ಬರುತ್ತಾರೆ.

ಏರ್‌ಬ್ಯಾಗ್ ಬಗ್ಗೆ ಓದುಗರಿಗೇ ಎರಡು ಮಾತು. ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರಿಗೆ ಬ್ಯಾಗ್ ಬದಲಾಯಿಸಿದರೆ ಮುಗಿಯಲಿಲ್ಲ. ಸೀಟ್ ಬೆಲ್ಟನ್ನು ಬಿಗಿಹಿಡಿಯುವ ಯಂತ್ರವೂ ಅದೇ ಕ್ಷಣದಲ್ಲಿ ಸಿಡಿದಿರುತ್ತದೆ, ಅದನ್ನೂ ಬದಲಾಯಿಸಬೇಕು. ಒಳಗಿನ ಕಂಟ್ರೋಲ್ ಯೂನಿಟ್ಟನ್ನೂ ಕಂಪನಿ ಹೇಳಿದಂತೆ ನೋಡಬೇಕು. ಬಿಲ್ ದೊಡ್ಡದಾಗುತ್ತದೆ. ಆಗ ಕೆಲವು ಗಿರಾಕಿಗಳು ಮೆತ್ತಗೆ ಕೇಳುತ್ತಾರೆ: ‘ಅಣ್ಣಾ, ಹೆಂಗೂ ಮಾರೋ ಗಾಡಿ. ಆ ಕೆಂಪು ಲೈಟೊಂದು ಆರಿಸಿಕೊಟ್ಬಿಡಿ.’ ಬ್ಯಾಗ್ ಇದೆ ಎಂದು ಕಾರನ್ನು ನಂಬಿಸಲು ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸಿಕೊಡುವವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಕೀ ತಿರುಗಿಸಿದಾಗ ನೋಡಿ. ಏರ್‌ಬ್ಯಾಗ್ ಲೈಟ್ ಮೊದಲು ಹತ್ತಬೇಕು, ಕೆಲವು ಸೆಕೆಂಡ್ ಆದ ಮೇಲೆ ತಾನೇ ಆರಬೇಕು. ಹತ್ತಲೇ ಇಲ್ಲ ಅಂದರೂ ಅನುಮಾನ ಪಡಿ, ಆರಲಿಲ್ಲ ಅಂದರೂ ಅನುಮಾನ ಪಡಿ. ಶಿವಾಜಿನಗರದ ಗುಜರಿಯಿಂದ ಬಾಗಿಲು ತಂದು ಹಾಕಿದರೆ ತಪ್ಪಿಲ್ಲ. ನಾನೂ ತರುತ್ತೇನೆ, ಬಡವನ ದುಡ್ಡು ಉಳಿಯುತ್ತದೆ. ಗುಜರಿ ಏರ್‌ಬ್ಯಾಗ್ ಮಾತ್ರ ಯಾರು ಕೊಟ್ಟರೂ ಬೇಡ.

ಎಲೆಕ್ಟ್ರಿಕ್ ಕಾರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ನಮ್ಮ ಊರಲ್ಲಿ ಈಗಷ್ಟೇ ಜಾಸ್ತಿ ಆಗುತ್ತಿವೆ. ಅದರ ಬ್ಯಾಟರಿ ತಳದಲ್ಲಿ ಹಾಸಿಕೊಂಡಿರುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವ ಮೊದಲು ಕರೆಂಟ್ ಪೂರ್ತಿ ಕಡಿಯಬೇಕು, ಅದಕ್ಕೆ ಬೇರೆ ಗ್ಲೌಸ್, ಬೇರೆ ತರಬೇತಿ. ಪೇಂಟ್ ಒಣಗಿಸುವ ಓವನ್ನಿನಲ್ಲೂ ಕಂಪನಿ ಹೇಳಿದ ಬಿಸಿ ದಾಟಬಾರದು. ಇದ್ಯಾವುದೂ ಗೊತ್ತಿಲ್ಲದೆ ವೆಲ್ಡಿಂಗ್ ಸೆಟ್ ಹಿಡಿದು ಹತ್ತಿರ ಹೋಗುವುದೂ ಸಾವನ್ನು ಕರೆಯುವುದೂ ಒಂದೇ. ಹಂಪಿನ ಮೇಲೆ ತಳ ಉಜ್ಜಿ ಬ್ಯಾಟರಿ ಪೆಟ್ಟಿಗೆ ತಗ್ಗಾದರೆ ಮಾಲೀಕರಿಗೆ ನಿದ್ದೆ ಬರುವುದಿಲ್ಲ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದೇ. ರಿಪೇರಿ ಖರ್ಚು ವಿಮೆ ಬೆಲೆಯ ಶೇ 75 ದಾಟಿದರೆ ಇನ್ಶೂರೆನ್ಸ್‌ನವರು ಕಾರನ್ನೇ ಟೋಟಲ್ ಲಾಸ್, ಅಂದರೆ ಸರಿಮಾಡಿಸಲು ಲಾಯಕ್ಕಿಲ್ಲದ್ದು ಅನ್ನುತ್ತಾರೆ.

ಇನ್ಶೂರೆನ್ಸ್ ಮಾತು ಬಂತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಗುದ್ದಿದ ಮೇಲೆ ಎಲ್ಲಾ ದುಡ್ಡೂ ಇನ್ಶೂರೆನ್ಸ್‌ನವರೇ ಕೊಡುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಅರ್ಧ ದುಡ್ಡು ಕಡಿತ. ಫೈಬರ್‌ಗೆ ಶೇ 30. ಗ್ಲಾಸಿಗೆ ಕಡಿತ ಇಲ್ಲ. ಕಬ್ಬಿಣದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ, ಮೊದಲ ಆರು ತಿಂಗಳು ಏನೂ ಇಲ್ಲ, ಹತ್ತು ವರ್ಷ ದಾಟಿದರೆ ಅರ್ಧಕ್ಕೆ ಅರ್ಧ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಾನಿನ ಖರ್ಚು ಎಂದು ಹಿಡಿದು ಅದರಲ್ಲಿ ಅರ್ಧ ಮುರಿಯುತ್ತಾರೆ. 12,000 ರೂಪಾಯಿ ಪೇಂಟಿಂಗ್ ಆದರೆ ಸಾಮಾನು 3,000, ಅದರಲ್ಲಿ 1,500 ನಿಮ್ಮ ಕೈಯಿಂದ. ಅದರ ಮೇಲೆ 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯ ಕಡಿತ. ಇವೆಲ್ಲ ನಿಮ್ಮ ಪಾಲಿಸಿ ಕಾಗದದಲ್ಲೇ ಇವೆ, ಯಾರೂ ಓದುವುದಿಲ್ಲ ಅಷ್ಟೇ.

ಈಗಿನ ಕಾರಿನ ಮುಂಭಾಗ ಪೂರ್ತಿ ಪ್ಲಾಸ್ಟಿಕ್. ಬಂಪರ್, ಗ್ರಿಲ್, ಹೆಡ್‌ಲೈಟ್ ಹೊದಿಕೆ, ಫೆಂಡರ್ ಒಳಗಿನ ಲೈನರ್. ಹಾಗಾಗಿ ಅರ್ಧ ಕಡಿತದ ಪಾಲು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗಿದೆ. ಅದಕ್ಕೇ ಜನ ಈ ಕಡಿತ ಇಲ್ಲದ ಬಂಪರ್ ಟು ಬಂಪರ್ ಪಾಲಿಸಿ ತೆಗೆದುಕೊಳ್ಳುತ್ತಾರೆ. ಕಡಿತ ಇಲ್ಲ ಎಂದಾದ ಮೇಲೆ ಹಳೆಯದನ್ನು ಸರಿಮಾಡಿ ಎಂದು ಯಾರು ಕೇಳುತ್ತಾರೆ? ಮೂಲೆಯಲ್ಲಿ ಒಂದು ಕೊಕ್ಕೆ ಮುರಿದರೂ ಹೆಡ್‌ಲೈಟ್ ಇಡಿಯಾಗಿ ಹೊಸದು, ಬಂಪರ್ ಇಡಿಯಾಗಿ ಹೊಸದು. ಬಡಿದು ಸರಿಮಾಡುವ ಕೈಗೆ ಕೆಲಸ ಕಮ್ಮಿ, ಬಿಚ್ಚಿ ಹಾಕುವ ಕೈಗೆ ಕೆಲಸ ಜಾಸ್ತಿ. ಡೀಲರ್‌ಗೂ ಬಿಡಿಭಾಗ ಮಾರಿದರೇ ಲಾಭ. ಸರಿಮಾಡಬಹುದಾಗಿದ್ದ ಬಾಗಿಲುಗಳು ಗುಜರಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಕ್ಯಾಶ್‌ಲೆಸ್, ಅಂದರೆ ರಿಪೇರಿ ದುಡ್ಡನ್ನು ಇನ್ಶೂರೆನ್ಸ್‌ನವರೇ ನೇರವಾಗಿ ಗ್ಯಾರೇಜಿಗೆ ಕಟ್ಟುವುದು. ಕಾರು ಮಾರುವವನು ಡೀಲರ್. 2017ರ ನವೆಂಬರ್‌ನಿಂದ ವಿಮಾ ಪ್ರಾಧಿಕಾರದ ನಿಯಮದ ಪ್ರಕಾರವೇ ಡೀಲರ್ ಅಂಗಡಿಯಲ್ಲಿ ವಿಮೆಯನ್ನೂ ಮಾರಬಹುದು. ಗುದ್ದಿದ ಮೇಲೆ ಕ್ಯಾಶ್‌ಲೆಸ್ ಸಿಗುವುದೂ ಅವರ ವರ್ಕ್‌ಶಾಪಿನಲ್ಲಿ. ಮೂರೂ ಒಂದೇ ಕೈಯಲ್ಲಿ ಇದ್ದರೆ ಗಿರಾಕಿ ನಮ್ಮ ಕಡೆ ತಿರುಗಿ ಯಾಕೆ ನೋಡುತ್ತಾನೆ?

ಹೋದ ಅರೆಯುವ ಕಾಲದಲ್ಲಿ ಆದದ್ದು ಹೇಳುತ್ತೇನೆ. ಕೆರಗೋಡು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕಬ್ಬಿನ ಟ್ರೈಲರ್‌ಗೆ ಗುದ್ದಿಸಿಕೊಂಡು ಬಂದರು. ದೇವರು ದೊಡ್ಡವನು, ಮೈಗೆ ಏನೂ ಆಗಿರಲಿಲ್ಲ. ಎಡಗಡೆ ಹೆಡ್‌ಲೈಟ್, ಬಾನೆಟ್, ಫೆಂಡರ್, ರೇಡಿಯೇಟರ್ ಮುಂದಿನ ಪಟ್ಟಿ ಹೋಗಿತ್ತು. ಪಿಲ್ಲರ್, ಚಾಸಿಸ್‌ಗೆ ಏನೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಇನ್ಶೂರೆನ್ಸ್‌ಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ, ‘ನಿಮಗೆ ಹತ್ತಿರದ ಕ್ಯಾಶ್‌ಲೆಸ್ ಗ್ಯಾರೇಜ್ ಮೈಸೂರಿನಲ್ಲಿದೆ ಸರ್, ಗಾಡಿ ಅಲ್ಲಿಗೇ ಕಳಿಸಿ’ ಎಂದಳು. ಕಳಿಸಿದರು. ಹೆಡ್‌ಲೈಟ್ ಬಂದಿಲ್ಲ, ಅಪ್ರೂವಲ್ ಬಂದಿಲ್ಲ ಎಂದು ತಿಂಗಳು ದಾಟಿತು. ಮೇಷ್ಟ್ರು ಬಸ್ಸಿನಲ್ಲಿ ಓಡಾಡಿದರು. ಒಂದು ದಿನ ಗ್ಯಾರೇಜ್ ಮುಂದೆ ನಿಂತು ಕೇಳಿದರು.

‘ಏನಪ್ಪಾ, ಇಲ್ಲೇ ಮಾಡಿಸಿದ್ರೆ ಆಗ್ತಿರ್ಲಿಲ್ವಾ?’

‘ಆಗ್ತಿತ್ತು ಮೇಷ್ಟ್ರೇ. ಮೊದಲು ನೀವು ದುಡ್ಡು ಹಾಕ್ಬೇಕಿತ್ತು, ಆಮೇಲೆ ಅವರು ವಾಪಸ್ ಕೊಡ್ತಿದ್ರು.’

‘ಅದನ್ನ ಆ ಹುಡುಗಿ ಹೇಳ್ಲೇ ಇಲ್ವಲ್ಲ!’

ಹೇಳುವುದೇ ಇಲ್ಲ ಸ್ವಾಮಿ. ಗಾಡಿಯನ್ನು ಯಾವ ಗ್ಯಾರೇಜಿನಲ್ಲಿ ಬೇಕಾದರೂ ಸರಿಮಾಡಿಸಬಹುದು. ಇನ್ಶೂರೆನ್ಸ್‌ಗೆ ಮೊದಲೇ ತಿಳಿಸಬೇಕು, ನಷ್ಟ ಅಂದಾಜು ಮಾಡುವ ಸರ್ವೇಯರ್ ನೋಡುವ ಮುಂಚೆ ಬಿಚ್ಚಬಾರದು, ಬಿಲ್ಲು ಸರಿಯಾಗಿ ಕೊಡಬೇಕು, ಅಷ್ಟೇ. ಈಗಂತೂ ಸಣ್ಣಪುಟ್ಟ ಕ್ಲೇಮ್‌ಗೆ ಮೊಬೈಲ್‌ನಲ್ಲೇ ಫೋಟೋ, ವಿಡಿಯೋ ತೆಗೆದು ಕಳಿಸಿ ಅನ್ನುತ್ತಾರೆ. ಫೋಟೋದಲ್ಲಿ ಬಂಪರ್ ಗೀರು ಕಾಣುತ್ತದೆ, ಹಿಂದೆ ಬೀಮ್ ಮಡಚಿದ್ದು ಕಾಣುವುದಿಲ್ಲ. ಬಿಚ್ಚಿದ ಮೇಲೆ ಮತ್ತೆ ಅರ್ಜಿ, ಮತ್ತೆ ಕಾಯುವುದು.

ಸರ್ವೇಯರ್‌ಗಳ ಜೊತೆ ನನ್ನ ಜಗಳ ಪೇಂಟಿನದ್ದು. ಈಗ ಎಲ್ಲರಿಗೂ ಪರ್ಲ್ ವೈಟ್ ಬೇಕು. ಅದು ಮೂರು ಪದರದ ಬಣ್ಣ. ಕಲರ್ ಕೋಡ್ ನೋಡಿ ಕಲಸಿದರೂ ಮಂಡ್ಯದ ಬಿಸಿಲಿನಲ್ಲಿ ನಾಲ್ಕು ವರ್ಷ ನಿಂತ ಕಾರಿನ ಬಿಳಿ ಬೇರೆಯೇ ಆಗಿರುತ್ತದೆ. ಬಾಗಿಲಿಗೆ ಹೊಡೆದ ಬಣ್ಣವನ್ನು ಪಕ್ಕದ ಫೆಂಡರ್ ಮೇಲೆ ತೆಳುವಾಗಿ ಹಾಯಿಸಿ ಬೆರೆಸದಿದ್ದರೆ ಬೆಳಿಗ್ಗೆ ಹತ್ತು ಗಂಟೆ ಬಿಸಿಲಲ್ಲಿ ತೇಪೆ ಎದ್ದು ಕಾಣುತ್ತದೆ. ‘ಗುದ್ದಿರೋದು ಬಾಗಿಲಿಗೆ, ಫೆಂಡರ್‌ಗೆ ಯಾಕೆ ಬಿಲ್ಲು?’ ಅನ್ನುತ್ತಾರೆ ಸರ್ವೇಯರ್. ಬೇಕಾದರೆ ಬಿಸಿಲಿಗೆ ಬನ್ನಿ, ತೋರಿಸುತ್ತೇನೆ ಅನ್ನುತ್ತೇನೆ. ಬರುವುದಿಲ್ಲ.

ಮ್ಯಾನ್ಯುವಲ್, ಸ್ಕ್ಯಾನರ್ ಸಿಗದಿರುವುದು ನಮ್ಮೊಬ್ಬರ ಗೋಳಲ್ಲ, ದೆಹಲಿಗೂ ಮುಟ್ಟಿರುವ ವಿಷಯ. 2011ರಲ್ಲಿ ಗ್ರಾಹಕರೊಬ್ಬರು ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಬಿಡಿಭಾಗ, ಸ್ಕ್ಯಾನರ್, ಮಾಹಿತಿ ಯಾವುದನ್ನೂ ಕಂಪನಿಗಳು ಹೊರಗಿನ ಗ್ಯಾರೇಜಿಗೆ ಕೊಡುತ್ತಿಲ್ಲ ಎಂಬ ದೂರು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿ, ಬಿಡಿಭಾಗ ಮತ್ತು ಉಪಕರಣ ಹೊರಗಿನವರಿಗೂ ಸಿಗುವಂತೆ ಮಾಡಿ ಎಂದು ಹೇಳಿತು. ಆಮೇಲೆ ಮೇಲ್ಮನವಿ, ತಡೆ, ಕೋರ್ಟು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ಇಲಾಖೆ ‘ರೈಟ್ ಟು ರಿಪೇರ್’ (ಸರಿಮಾಡಿಸಿಕೊಳ್ಳುವ ಹಕ್ಕು) ಪೋರ್ಟಲ್ ತೆರೆಯಿತು. ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಯಂತ್ರದ ಜೊತೆ ವಾಹನವೂ ಅದರಲ್ಲಿದೆ. ಖುಷಿಯಿಂದ ತೆರೆದು ನೋಡಿದೆ. ನನಗೆ ಬೇಕಾಗಿದ್ದ ಪಿಲ್ಲರ್ ಕತ್ತರಿಸುವ ಚಿತ್ರ ಸಿಗಲಿಲ್ಲ. ಸರ್ವಿಸ್ ಸೆಂಟರ್ ಫೋನ್ ನಂಬರ್ ಯಾರಿಗೆ ಬೇಕು?

ಬಿಡಿಭಾಗದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದರಿಂದ ನಮಗೂ ಅನುಕೂಲ ಆಗಿದೆ, ಇಲ್ಲ ಅನ್ನಲಾರೆ. ಆದರೆ ಭಾಗ ಅಗ್ಗವಾದರೆ ಸಾಲದು, ಅದನ್ನು ಕೂರಿಸುವ ವಿದ್ಯೆ ಬೇಕು.

ಕೆಲಸಕ್ಕೆ ಹುಡುಗರೂ ಇಲ್ಲ. ಮೊದಲು ಹತ್ತನೇ ಕ್ಲಾಸ್ ಫೇಲಾದವರು ಬಂದು ಕಲಿಯುತ್ತಿದ್ದರು. ಈಗ ಬೈಕ್ ಇದ್ದರೆ ಸಾಕು, ಬೆಂಗಳೂರಿಗೆ ಹೋಗಿ ಡೆಲಿವರಿ ಮಾಡುತ್ತಾರೆ. ಅವರನ್ನು ಬೈಯುವುದಿಲ್ಲ. ಇಲ್ಲಿ ದಿನವಿಡೀ ಉಜ್ಜುವ ಧೂಳು, ಪೇಂಟಿನ ವಾಸನೆ. ಈಗಿನ ಪೇಂಟಿಗೆ ಬೆರೆಸುವ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಸಿರಿಗೆ ಹೋದರೆ ಆಸ್ತಮಾ ಹಿಡಿಯಬಹುದು. ಟವಲ್ ಸುತ್ತಿಕೊಂಡರೆ ಅದು ನಿಲ್ಲುವುದಿಲ್ಲ. ಸರಿಯಾದ ಫಿಲ್ಟರ್ ಮಾಸ್ಕ್ ಬೇಕು, ಗಾಳಿ ಎಳೆಯುವ ಬೂತ್ ಬೇಕು. ನಮ್ಮ ಹುಡುಗರಿಗೆ ಮಾಸ್ಕ್ ಕೊಟ್ಟರೆ ಸೆಖೆ ಎಂದು ಕತ್ತಿಗೆ ಇಳಿಸಿಕೊಳ್ಳುತ್ತಾರೆ. ಬೈದು ಬೈದು ಹಾಕಿಸಬೇಕು.

ಐಟಿಐನಲ್ಲಿ ಕಾರು ಬಾಡಿ ರಿಪೇರಿ, ಕಾರು ಬಾಡಿ ಪೇಂಟಿಂಗ್ ಎಂದು ಒಂದೊಂದು ವರ್ಷದ ಕೋರ್ಸ್‌ಗಳು ದೇಶದ ಪಟ್ಟಿಯಲ್ಲಿ ಇವೆ. ಜಿಲ್ಲೆಗೆ ಒಂದು ಕಡೆಯಾದರೂ ಅವನ್ನು ಗಂಭೀರವಾಗಿ ನಡೆಸಿ. ಗ್ಯಾಸ್ ಸೆಟ್ ತೋರಿಸಿ ಸರ್ಟಿಫಿಕೇಟ್ ಕೊಡಬೇಡಿ. ಒಳ್ಳೆಯ ಸ್ಪಾಟ್ ವೆಲ್ಡರ್, ಚಾಸಿಸ್ ಅಳೆಯುವ ಬೆಂಚ್, ಬಿಚ್ಚಲು ನಾಲ್ಕು ಹೊಸ ಮಾದರಿಯ ಗುದ್ದಿದ ಕಾರು ಇಡಿ. ಟೋಟಲ್ ಲಾಸ್ ಆದ ಕಾರುಗಳು ಇನ್ಶೂರೆನ್ಸ್ ಕಂಪನಿಗಳ ಹತ್ತಿರ ಬೇಕಾದಷ್ಟು ಇವೆ, ಎರಡು ಕೊಟ್ಟರೆ ಅವರಿಗೇನೂ ನಷ್ಟವಿಲ್ಲ. ಅದೇ ಜಾಗದಲ್ಲಿ ಕ್ಯಾಮೆರಾ, ರೇಡಾರ್ ಕ್ಯಾಲಿಬ್ರೇಷನ್ ವ್ಯವಸ್ಥೆಯನ್ನೂ ಇಡಿ. ನಾವು ಹತ್ತಿಪ್ಪತ್ತು ಗ್ಯಾರೇಜಿನವರು ಬಾಡಿಗೆ ಕೊಟ್ಟು ಬಳಸುತ್ತೇವೆ. ಸಂಜೆ ಹೊತ್ತು ನಮ್ಮಂಥ ಹಳಬರಿಗೂ ಪಾಠ ಮಾಡಿ.

ಇನ್ಶೂರೆನ್ಸ್ ಕಂಪನಿಗಳು ಕ್ಯಾಶ್‌ಲೆಸ್ ಪಟ್ಟಿಗೆ ಏನೇನು ಬೇಕು ಎಂದು ಬರೆದು ಪ್ರಕಟಿಸಲಿ. ಇಂಥ ವೆಲ್ಡರ್, ಇಂಥ ಬೂತ್, ಇಷ್ಟು ತರಬೇತಿಯ ಹುಡುಗರು, ಮ್ಯಾನ್ಯುವಲ್ ಪ್ರಕಾರ ಕೆಲಸ ಎಂದು ಸ್ಪಷ್ಟವಾಗಿ ಹೇಳಲಿ. ಬಂದು ಪರೀಕ್ಷೆ ಮಾಡಲಿ. ಪಾಸಾದವರನ್ನು, ಅವರು ಡೀಲರ್ ಆಗಿರಲಿ ಬಿಡಲಿ, ಸೇರಿಸಿಕೊಳ್ಳಲಿ. ಸಣ್ಣ ಗ್ಯಾರೇಜ್‌ಗಳನ್ನು ಮುಚ್ಚಿಬಿಡಿ, ಅವು ಅಪಾಯ ಅನ್ನುವವರಿಗೂ ನನ್ನ ಉತ್ತರ ಇದೇ. ಮ್ಯಾನ್ಯುವಲ್ ಕೊಟ್ಟು, ಕಲಿಸಿ, ಆಮೇಲೆ ಪರೀಕ್ಷೆ ಇಡಿ.

ಆ ಪರೀಕ್ಷೆ ಮಂಡ್ಯದಲ್ಲಿ ಇಟ್ಟರೆ ಮೊದಲು ಹೆಸರು ಬರೆಸುವವನು ನಾನೇ. ಫೇಲಾದರೆ ಗೀರು ತೆಗೆದು ಪಾಲಿಶ್ ಹೊಡೆದುಕೊಂಡು ಇರುತ್ತೇನೆ, ಪಿಲ್ಲರ್ ಮುಟ್ಟುವುದಿಲ್ಲ.

ಇಂತಿ ನಿಮ್ಮ ಓದುಗ,
ಟಿಂಕರಿಂಗ್ ಗ್ಯಾರೇಜ್ ಮಾಲೀಕ, ಮಂಡ್ಯ